ಒಂದು ಬೀಜ ಕಡಿಮೆ

ಗುಣಮಟ್ಟ ತಪಾಸಣೆ ಮಾಡುವವರನ್ನು ಮದುವೆಯಾದರೆ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನಂತೂ ಆಶ್ಚರ್ಯಪಡುವುದನ್ನೇ ಬಿಟ್ಟಿದ್ದೇನೆ. ನಮ್ಮ ಮನೆಯವರು ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ತಪಾಸಣೆ ಮಾಡುತ್ತಾರೆ. ಸಂಜೆಯ ಬಸ್ಸು ಅವರನ್ನು ನಮ್ಮ ಮನೆಯಿರುವ ಮೆಹದಿಪಟ್ಟಣಂನಲ್ಲಿ ಇಳಿಸುತ್ತದೆ. ಕಾರ್ಖಾನೆಯೂ ಅವರ ಜೊತೆಗೇ ಇಳಿಯುತ್ತದೆ.

ಚೀಟಿ

ನನ್ನ ಅಡುಗೆಮನೆಯ ಪ್ರತಿ ಡಬ್ಬಿಗೂ ಒಂದು ಚೀಟಿ ಇದೆ. ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ತಯಾರಿಸಿದವರು, ಪರಿಶೀಲಿಸಿದವರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿದವಳು ನಾನು, ಸಹಿ ಹಾಕುವವರು ಅವರು.

ಒಮ್ಮೆ, ಅತ್ತೆ ಕಲಬುರಗಿಯಿಂದ ಮಡಿಲಲ್ಲಿಟ್ಟುಕೊಂಡು ತಂದಿದ್ದ ಉಪ್ಪಿನಕಾಯಿ ಭರಣಿಗೆ ಇವರು “ಅವಧಿ ಮುಗಿದಿದೆ” ಎಂದು ಅಂಟಿಸಿದರು.

“ಏನು ಬರದೀಯಪ್ಪಾ ಅದರ ಮ್ಯಾಲ?” ಎಂದು ಅತ್ತೆ ಕೇಳಿದರು.

“ಭಾಳ ಹಳೇದಾಗೈತಿ ಯವ್ವಾ. ಚೆಲ್ಲಬೇಕು.”

“ನನಗ ಎಪ್ಪತ್ತೆರಡು ಆಗ್ಯಾವು. ನನಗೂ ಒಂದು ಹಚ್ಚಿಬಿಡು.”

ಚೂದ್ದಾಂ

ನಮ್ಮದು ಬಾಡಿಗೆ ಮನೆ, ನೆಲಮಹಡಿ. ಅತ್ತೆಯ ಮಂಡಿನೋವಿಗೆ ಮೆಟ್ಟಿಲಿಲ್ಲದ ಮನೆಯೇ ಬೇಕು. ಅಂಥದ್ದು ಈ ಭಾಗದಲ್ಲಿ ಇನ್ನೊಂದು ಸಿಗುವುದು ಕಷ್ಟ. ಈ ಬೇಸಿಗೆಯಲ್ಲಿ ಕರಾರು ಮುಗಿಯುವುದರಲ್ಲಿತ್ತು, ಬೇರೆ ಯಾರೋ ಬಂದು ಮನೆ ನೋಡಿಕೊಂಡೂ ಹೋಗಿದ್ದರು. ಮೇಲುಮಹಡಿಯ ಓನರಮ್ಮನನ್ನು ಕೇಳಿದಾಗಲೆಲ್ಲ ತೆಲುಗಿನಲ್ಲಿ ಒಂದೇ ಉತ್ತರ: “ಚೂದ್ದಾಂ.” ನೋಡೋಣ.

ಓನರಮ್ಮ ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದವರು. ಅಲ್ಲಿ ಗೆಳತಿಯೊಬ್ಬಳು ಹಿಟ್ಟಿನ ಹೊದಿಕೆಯೊಳಗೆ ಹಣ್ಣು ತುಂಬಿ ಬೇಯಿಸಿ ಮಾಡಿಕೊಡುತ್ತಿದ್ದ ಚೆರ್ರಿ ಪೈಯನ್ನು ನೆನೆಯದ ದಿನವಿಲ್ಲ. ಆ ವಾರ ಅವರು ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬಂದಿದ್ದರು. ಹಲ್ಲಿನ ಉದ್ಘಾಟನೆಗೆ ನಾನೇ ಪೈ ಮಾಡುತ್ತೇನೆ ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಪೈ ಮಾಡಿರಲಿಲ್ಲ, ತಿಂದಿರಲಿಲ್ಲ, ಕಣ್ಣಾರೆ ಕಂಡೂ ಇರಲಿಲ್ಲ.

“ನಿಜವಾಗಿಯೂ ಮಾಡುತ್ತೀಯಾ?” ಎಂದು ಓನರಮ್ಮ ಕೇಳಿದರು.

ನಾನು ಧೈರ್ಯವಾಗಿ “ಚೂದ್ದಾಂ” ಎಂದೆ.

ಖರೇ ಚೆರ್ರಿ

ಮರುದಿನ ಅತ್ತೆಯೂ ನಾನೂ ಮಾರ್ಕೆಟ್ಟಿಗೆ ಹೋದೆವು. ಕಾಶ್ಮೀರದ ಚೆರ್ರಿ ಬಂದಿತ್ತು, ಕಪ್ಪುಗೆಂಪು, ತೊಟ್ಟಿನ ಸಮೇತ. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು, ಬೀಜವನ್ನು ಅಂಗೈಗೆ ಉಗುಳಿದರು.

“ಇದು ಚೆರ್ರಿನೇ ಅಲ್ಲ. ಚೆರ್ರಿಗೆ ಬೀಜ ಇರಂಗಿಲ್ಲ. ಬನ್ನಿನ ಮ್ಯಾಲ ಇಡತಾರಲ್ಲ, ಕೆಂಪಗ, ಅದು ಖರೇ ಚೆರ್ರಿ.”

ನಮ್ಮ ಕಡೆಯವನೇ ಆದ ಹಣ್ಣಿನವನು ಎದೆ ಮುಟ್ಟಿಕೊಂಡ. “ಅಮ್ಮಾ, ಯೇಇಚ್ ಅಸಲಿ ಹೈ! ಇದs ಖರೇದು. ಬನ್ನಿಂದು ಕವಳಿಕಾಯಿ, ಸಕ್ಕರೆಯಾಗ ಹಾಕಿ ಬಣ್ಣ ಹಚ್ಚತಾರ.”

“ಐವತ್ತು ವರ್ಷ ತಿಂದೀನಿ, ನನಗ ಹೇಳತಾನ ಇವ!”

ನಾನು ಒಂದು ಕಿಲೋ ತೂಗಿಸಿಕೊಂಡೆ. ಅತ್ತೆ ಪಕ್ಕದ ಬೇಕರಿಯಲ್ಲಿ ತಮ್ಮ ಖರೇ ಚೆರ್ರಿಯ ಪುಟ್ಟ ಪೊಟ್ಟಣ ಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು. ಬರುವಾಗ ಆಟೋದವನಿಗೂ ನನ್ನ ಚೀಲ ತೋರಿಸಿ, “ಪಾಪ, ನಮ್ಮ ಸೊಸಿ ಮೋಸ ಹೋಗ್ಯಾಳ” ಎಂದರು.

ಎಣಿಸಿದವರು, ಮರು ಎಣಿಸಿದವರು

ಭಾನುವಾರ ಕೆಲಸ ಶುರುವಾಯಿತು. ಚೆರ್ರಿಯೊಳಗಿನ ಬೀಜ ಕಲ್ಲಿನಂಥದ್ದು. ಒಂದೇ ಒಂದು ಉಳಿದು ಓನರಮ್ಮನ ಹೊಸ ಹಲ್ಲಿಗೆ ಸಿಕ್ಕರೆ ಹಲ್ಲೂ ಹೋಯಿತು, ಮನೆಯೂ ಹೋಯಿತು. ಇವರು ತಲೆಗೆ ಕಾರ್ಖಾನೆಯ ಬಿಳಿ ಟೋಪಿ ಹಾಕಿಕೊಂಡು ಬಂದರು.

“ಎಷ್ಟು ಹಣ್ಣು ಒಳಗ ಹೋಗತಾವೋ ಅಷ್ಟು ಬೀಜ ಹೊರಗ ಬರಬೇಕು. ಲೆಕ್ಕ ತಾಳೆ ಆಗಬೇಕು.”

ಅವರು ಎಣಿಸಿದಾಗ ನೂರಾ ಇಪ್ಪತ್ತೊಂದು ಹಣ್ಣು. ಇನ್ನೊಬ್ಬರು ಮರು ಎಣಿಸಬೇಕೆಂಬುದು ನಿಯಮ. ಅತ್ತೆ ಎಣಿಸಿದಾಗ ನೂರಾ ಇಪ್ಪತ್ತೆರಡು. ಇವರು ತಮ್ಮ ಅಂಕಿ ಹೊಡೆದುಹಾಕಿ, ತಾಯಿಯ ಅಂಕಿ ಬರೆದು ಸಹಿ ಮಾಡಿದರು. ಕಾರ್ಖಾನೆಯಲ್ಲಿ ಹಾಗೆ ಮಾಡಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಮಾಡದಿದ್ದರೆ ಊಟ ಹೋಗುತ್ತದೆ.

ಹೂರಣ

ಹುಣಸೆಹಣ್ಣು ಬಿಡಿಸಿ ಪಳಗಿದ ಕೈ ಎಂದು ಬೀಜ ತೆಗೆಯುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ನಾನು ಹಣ್ಣಿಗೆ ಸಕ್ಕರೆ, ನಿಂಬೆರಸ, ಚಿಟಿಕೆ ಉಪ್ಪು ಹಾಕಿ ಒಲೆಯ ಮೇಲಿಟ್ಟೆ. ರಸ ಬಿಟ್ಟು ಕುದಿಯತೊಡಗಿದಾಗ ನೀರಲ್ಲಿ ಕಲಸಿದ ಕಾರ್ನ್‌ಫ್ಲೋರ್ ಸುರಿದು ತಿರುವಿದೆ.

“ಹೂರಣ ನೀರಾಗೈತಿ. ಉಂಡಿ ಕಟ್ಟಾಕ ಬರಬೇಕು. ಯಾಲಕ್ಕಿ ಎಲ್ಲೈತಿ?” ಎಂದರು ಅತ್ತೆ.

“ಇದು ಹೋಳಿಗೆಯಲ್ಲ, ಅತ್ತೀ. ಚಮಚಕ್ಕೆ ಅಂಟಿಕೊಂಡರೆ ಸಾಕು.”

ಇವರು ಐದೈದು ನಿಮಿಷಕ್ಕೊಮ್ಮೆ ಒಂದು ಬಟ್ಟಲು ಮಾದರಿ ತೆಗೆದಿಡುತ್ತಿದ್ದರು. ಮುಂದೆ ದೂರು ಬಂದರೆ ಸಾಕ್ಷಿಗೆ ಬೇಕಂತೆ. ಲಟ್ಟಿಸಿದ ಮೈದಾ ಹಿಟ್ಟನ್ನು ತಟ್ಟೆಗೆ ಹಾಸಿ ಹೂರಣ ತುಂಬಿ, ಮೇಲೊಂದು ಹಾಳೆ ಮುಚ್ಚಿ, ಓವನ್ನಿಗಿಟ್ಟು ತಿರುಗಿದರೆ ಫ್ರಿಜ್ಜಿನಲ್ಲಿ ಏಳು ಬಟ್ಟಲು ಸಾಕ್ಷಿ ಕೂತಿತ್ತು. ರಾತ್ರಿಯೊಳಗೆ ಆ ಸಾಕ್ಷಿಯನ್ನೆಲ್ಲ ನೆಕ್ಕಿ ಮುಗಿಸಿದವರೂ ಅವರೇ.

ಉದ್ಘಾಟನೆ

ಪೈ ಬೇಯುತ್ತಿರುವಾಗ ಇವರು ತೊಳೆದು ಒಣಗಿಸಿದ ಬೀಜ ಎಣಿಸಿದರು. ನೂರಾ ಇಪ್ಪತ್ತೊಂದು. ಮತ್ತೆ ಎಣಿಸಿದರು. ನೂರಾ ಇಪ್ಪತ್ತೊಂದು. ನೆಲ ಗುಡಿಸಿದೆವು, ಸಿಂಕಿನ ಜಾಲರಿ ಬಿಚ್ಚಿದೆವು. ಒಂದು ಬೀಜ ಕಡಿಮೆ. ಅಷ್ಟರಲ್ಲಿ ಓನರಮ್ಮ ರೇಷ್ಮೆ ಸೀರೆಯುಟ್ಟು ಇಳಿದು ಬಂದರು. ಅತ್ತೆ ಆಗಲೇ ಹೊರಗಿನ ಕೋಣೆಯಲ್ಲಿ ಕೂತಿದ್ದರು. ನನಗೆ ಅಳು ಬರುವುದೊಂದೇ ಬಾಕಿ.

“ಬಾಯಿ ಮುಚ್ಚಿಕೊಂಡಿರಿ” ಎಂದು ಇವರ ಕಿವಿಯಲ್ಲಿ ಹೇಳಿ, ಪೈಯ ತಟ್ಟೆಯನ್ನು ಓನರಮ್ಮನ ಮುಂದಿಟ್ಟೆ.

ಓನರಮ್ಮ ಚಮಚ ಎತ್ತಿದರು. ಇವರು ಎದ್ದು ನಿಂತರು. “ಅಮ್ಮಾ, ತಿನ್ನಬ್ಯಾಡ್ರಿ! ಒಂದು ಬೀಜದ ಲೆಕ್ಕ ತಾಳೆ ಆಗಿಲ್ಲ.”

ನೆಲ ಬಾಯಿಬಿಟ್ಟರೆ ಇವರನ್ನೇ ಮೊದಲು ತಳ್ಳುತ್ತಿದ್ದೆ.

ಓನರಮ್ಮ ಚಮಚ ಕೆಳಗಿಟ್ಟರು. “ಥಿಯೇಟರಿನಲ್ಲಿ ಒಂದು ಹತ್ತಿಯುಂಡೆ ಕಡಿಮೆಯಾದರೂ ನಾವು ಡಾಕ್ಟರಿಗೆ ಹೊಟ್ಟೆ ಹೊಲಿಯಲು ಬಿಡುತ್ತಿರಲಿಲ್ಲ. ನೀವು ಪೈ ಮುಚ್ಚಿಯೇಬಿಟ್ಟಿರಾ?”

ಆಮೇಲೆ ಬಾಯಿಗೆ ಕೈ ಹಾಕಿ ಎರಡೂ ಸಾಲು ಹಲ್ಲು ತೆಗೆದು ಕರ್ಚೀಫಿನಲ್ಲಿಟ್ಟು, ಬರೀ ಒಸಡಿನಲ್ಲೇ ಮೆಲ್ಲತೊಡಗಿದರು. ನಾವು ಅವರ ದವಡೆಯನ್ನೇ ನೋಡುತ್ತಿದ್ದೆವು. ನಾಲ್ಕನೆಯ ಚಮಚಕ್ಕೆ ದವಡೆ ನಿಂತಿತು. ಎರಡು ಬೆರಳಿನಿಂದ ಏನನ್ನೋ ಹೊರತೆಗೆದರು. ಬೀಜವಲ್ಲ. ಕೆಂಪಗೆ ಹೊಳೆಯುವ ಬನ್ನಿನ ಚೆರ್ರಿ.

“ಸಿಕ್ಕಿತೇನ್ರಿ? ನಾನs ಹಾಕೀನಿ, ಎಣಿಸೋವಾಗ. ಅಷ್ಟು ಖೊಟ್ಟಿ ಹಣ್ಣಿನಾಗ ಒಂದರೆ ಖರೇದು ಇರಲಿ ಅಂತ” ಎಂದು ಅತ್ತೆ ಹಿಗ್ಗಿದರು.

ಇವರು ದೊಪ್ಪನೆ ಕೂತರು. ಓನರಮ್ಮ ಕಣ್ಣಲ್ಲಿ ನೀರು ಬರುವ ತನಕ ನಕ್ಕು, ತಟ್ಟೆ ಖಾಲಿ ಮಾಡಿದರು. “ಒಂದು ಬೀಜ ತಪ್ಪಿದ್ದನ್ನೇ ಬಾಯಿಬಿಟ್ಟು ಹೇಳುವವರು ನಲ್ಲಿ ಒಡೆದರೆ ಮುಚ್ಚಿಡುತ್ತಾರೆಯೇ? ಇನ್ನೆಲ್ಲಿಗೆ ಹೋಗುತ್ತೀರಿ, ಇಲ್ಲೇ ಇರಿ” ಎಂದು ಮೇಲೆ ಹೋದರು. ಅತ್ತೆಯ ಮಂಡಿ ನೆನೆದು ನನ್ನ ಜೀವಕ್ಕೆ ಸಮಾಧಾನವಾಯಿತು.

ಹಲ್ಲು ಮಾತ್ರ ನಮ್ಮ ಮೇಜಿನ ಮೇಲೆಯೇ ಉಳಿದಿತ್ತು. ಇವರು ಅದನ್ನು ಡಬ್ಬಿಯಲ್ಲಿಟ್ಟು ಚೀಟಿ ಅಂಟಿಸಿದರು: “ಹಲ್ಲು, ಇಪ್ಪತ್ತೆಂಟು.” ಎಣಿಸಿದವರು ಎಂಬಲ್ಲಿ ಸಹಿ ಹಾಕಿ, ನಿಯಮದಂತೆ ತಾಯಿಯ ಕೈಗೆ ಕೊಟ್ಟರು.

ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಎಣಿಸಿದರು.

“ಇಪ್ಪತ್ತೊಂಬತ್ತು.”

ಇವರು ಡಬ್ಬಿ ಕಸಿದುಕೊಂಡು ಕೂಗಿದರು: “ಯವ್ವಾ! ಇದರಾಗೇನು ಹಾಕಿದಿ?”