ಮೌನಿಯ ಇನ್ನೂರ ಹದಿನಾಲ್ಕು ಪುಟ

ಮೌನಿಗೆ ಹತ್ತು ದಿನ ರಜೆ ಬೇಕಾಗಿತ್ತು. ಸೋಮವಾರ ಅಕ್ಕನ ಮಂಡಿಯ ಆಪರೇಷನ್. ತಾಯಿಯಿಲ್ಲದ ಇವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದ್ದಳು: "ಜೊತೇಲಿರೋಕೆ ಬರ್ತೀಯೇನೋ?"

ಮ್ಯಾನೇಜರು ಯಾರಿಗೂ 'ಇಲ್ಲ' ಎನ್ನುವವರಲ್ಲ, 'ಆದರೆ' ಎನ್ನುವವರು.

"ಖಂಡಿತ ಹೋಗಿ. ಆದರೆ ಆ ಬಸ್ ವೇಳಾಪಟ್ಟಿ ಪ್ರೋಗ್ರಾಮು ನಿಮ್ಮೊಬ್ಬರಿಗೇ ಗೊತ್ತಿರೋದು. ಯಾರು ಓದಿದ್ರೂ ನಡೆಸೋ ಹಾಗೆ ಒಂದು ಕೈಪಿಡಿ ಮಾಡಿಕೊಡಿ. ನಾಲ್ಕಕ್ಕೆ ಸಾರಿಗೆ ಕಚೇರಿ ಮೇಡಂ ಬರ್ತಾರೆ. ಅವರು ಒಪ್ಪಿದ್ರೆ ರಜೆ."

ಎಂಟು ವರ್ಷದ ಪ್ರೋಗ್ರಾಮು, ಆರು ತಾಸಿನ ಗಡುವು. ಮೌನಿ ತಲೆಯ ಮೇಲೆ ಕೈಹೊತ್ತು ಕೂತ. ಆಫೀಸಿನಲ್ಲಿ ಒಬ್ಬ ತಲೆಯ ಮೇಲೆ ಕೈಹೊತ್ತರೆ ಉಳಿದವರಿಗೆ ತಮ್ಮ ಕೆಲಸ ಮಾಡಲು ಮನಸ್ಸು ಬರುವುದಿಲ್ಲ. ಎಲ್ಲದಕ್ಕೂ ಅಡ್ಡದಾರಿ ಹುಡುಕಿ 'ಶಾರ್ಟ್‌ಕಟ್' ಎಂದೇ ಹೆಸರಾಗಿದ್ದ ಪಕ್ಕದ ಮೇಜಿನವನು ಕುರ್ಚಿ ಸಮೇತ ಉರುಳಿ ಬಂದ.

"ಬರೆಯೋದು ಯಾಕ್ರೀ? ಕಪ್ಪು ಪರದೆ ಮೇಲೆ ಒಂದೇ ಒಂದು ಕಮಾಂಡ್ ಹೊಡೀರಿ. ಪ್ರೋಗ್ರಾಮಿನ ಮಧ್ಯೆ ನೀವು ಬರೆದಿಟ್ಟ ಟಿಪ್ಪಣಿಗಳನ್ನೆಲ್ಲ ಹೆಕ್ಕಿ, ಪುಸ್ತಕ ಮಾಡಿ ಕೈಗಿಡುತ್ತೆ!"

ಟಿಪ್ಪಣಿ ಎಂದರೆ ಕಂಪ್ಯೂಟರು ಓದದೆ ದಾಟಿಹೋಗುವ, ಮನುಷ್ಯರಿಗೆಂದೇ ಬರೆದ ಸಾಲು. ಮನುಷ್ಯರೂ ಓದುವುದಿಲ್ಲ, ಅದು ಬೇರೆ ಮಾತು.

ಮೌನಿ ಕಮಾಂಡ್ ಹೊಡೆದ. 'ಕಡತ ಸಿಗಲಿಲ್ಲ' ಎಂದಿತು. "ಡ್ಯಾಶ್ ಹಾಕಿ, ಡ್ಯಾಶ್!" ಎಂದರು ಹಿಂದೆ ಬಂದು ನಿಂತಿದ್ದ ಟೆಸ್ಟಿಂಗ್ ಮೇಡಂ. ಹಾಕಿದ. ಚೆಂದದ ಮುಖಪುಟ, ಅಚ್ಚುಕಟ್ಟಾದ ಪರಿವಿಡಿ, ಒಳಗೆ ಬರೀ ಖಾಲಿ ಹಾಳೆ. "ಎರಡು ಡ್ಯಾಶ್ ರೀ!" ಎಂದ ಶಾರ್ಟ್‌ಕಟ್. ಇಬ್ಬರೂ ಮೌನಿಯ ತಲೆಯ ಮೇಲಿಂದಲೇ ಜಗಳಕ್ಕೆ ಬಿದ್ದರು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿಯಿತು. ಅಂತೂ ಮೂರೂ ಮುಕ್ಕಾಲಿಗೆ ಇನ್ನೂರ ಹದಿನಾಲ್ಕು ಪುಟ ಹೊರಬಿತ್ತು.

"ಪ್ರಿಂಟ್ ತೆಗೆದು ಮೀಟಿಂಗ್ ರೂಮಿನಲ್ಲೂ ಇಟ್ಟು ಬಂದೆ. ಥ್ಯಾಂಕ್ಸ್ ಎಲ್ಲ ಬೇಡ," ಎಂದ ಶಾರ್ಟ್‌ಕಟ್.

ಮೌನಿ ಆಗ ಮೊದಲ ಪುಟ ಓದಿದ. 'ಮ್ಯಾನೇಜರು ಕೇಳಿದರೆಂದು ಸೇರಿಸಿದ್ದು. ಯಾಕೆ ಕೇಳಿದರೆಂದು ಅವರಿಗೂ ಗೊತ್ತಿಲ್ಲ.'

ಎದುರಿಗೆ ತುಟಿ ಬಿಚ್ಚದ ಮೌನಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಎಂಟು ವರ್ಷ ಪ್ರೋಗ್ರಾಮಿನೊಳಗೆ ಬರೆದುಕೊಂಡಿದ್ದ. ಕೆಲಸದ ವಿವರಣೆಯಾದರೆ ಸಾಲಿನ ಮುಂದೆ ಒಂದು ಸ್ಟಾರ್ ಗುರುತು, ಮನಸ್ಸಿನ ಮಾತಾದರೆ ಎರಡು ಸ್ಟಾರ್. ಮುಂದೆಂದಾದರೂ ಒಟ್ಟಿಗೆ ಹುಡುಕಿ ಅಳಿಸಿಬಿಡಲು ಸುಲಭವಾಗಲಿ ಎಂದು. ಶಾರ್ಟ್‌ಕಟ್ ಹೇಳಿಕೊಟ್ಟ ಕಮಾಂಡ್ ಎರಡು ಸ್ಟಾರ್ ಇದ್ದದ್ದನ್ನು ಮಾತ್ರ ಹೆಕ್ಕುತ್ತಿತ್ತು.

ಓಡಿದ. ಮೀಟಿಂಗ್ ರೂಮಿನಲ್ಲಿ ಸಾರಿಗೆ ಮೇಡಂ ಗಟ್ಟಿಯಾಗಿ ಓದುತ್ತಿದ್ದರು: "'ಮೂರನೇ ಡಿಪೋದ ಬಸ್ಸು ಯಾವಾಗಲೂ ಏಳು ನಿಮಿಷ ತಡವೆಂದು ತೋರಿಸುತ್ತದೆ. ಕಾರಣ ಸಿಗಲಿಲ್ಲ. ಏಳು ಕಳೆದಿದ್ದೇನೆ. ಯಾರಾದರೂ ಕೇಳಿದರೆ ಹೇಳಿಬಿಡಬೇಕೆಂದಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.'"

ಮ್ಯಾನೇಜರ ಮುಖ ಕಪ್ಪಿಟ್ಟಿತ್ತು. ಮೇಡಂ ಕನ್ನಡಕ ತೆಗೆದು ಮೌನಿಯ ಕಡೆ ತಿರುಗಿದರು.

"ನನ್ನ ಸರ್ವಿಸಿನಲ್ಲೇ ನನಗೆ ಅರ್ಥವಾದ ಮೊದಲ ಕೈಪಿಡಿ ಇದು. ಸುಳ್ಳಿಲ್ಲದ್ದು. ನಮ್ಮ ಒಪ್ಪಿಗೆ ಇದೆ," ಎಂದು ಸಹಿ ಹಾಕಿ ಹೊರಟರು.

ಮೌನಿಗೆ ಅಳು ಬರುವಷ್ಟು ಸಂತೋಷವಾಯಿತು. ಎಂಟು ವರ್ಷದ ಮೇಲೆ ಯಾರೋ ಒಬ್ಬರು ಅವನನ್ನು ಓದಿದ್ದರು.

"ಸರ್, ರಜೆ..." ಎಂದ.

"ಕೊಟ್ಟೇಬಿಡೋಣ ಅಂತಿದ್ದೆ. ಆದರೆ ಈ ನೂರ ಹನ್ನೆರಡನೇ ಪುಟ ಒಂದು ಸಲ ನೋಡಿ," ಎಂದು ಮ್ಯಾನೇಜರು ಹಾಳೆ ಮುಂದೆ ಹಿಡಿದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಯಾವಾಗ ಮನೆಗೆ ಕಳಿಸುತ್ತಾರೋ ಎಂದು ಹೆದರಿದ್ದ ದಿನಗಳಲ್ಲಿ ಬರೆದ ಸಾಲು ಅದು. 'ಪ್ರತಿ ಸೋಮವಾರ ಬೆಳಿಗ್ಗೆ ಇದನ್ನು ಕೈಯಿಂದಲೇ ಚಾಲೂ ಮಾಡಬೇಕು. ಹೇಗೆಂದು ಯಾರಿಗೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಮತ್ತೆ ನಾನು ಯಾಕೆ ಬೇಕು?'

"ಈಗ ಹೇಳಿಕೊಡ್ತೀನಿ ಸರ್. ಅರ್ಧ ಗಂಟೆ ಸಾಕು!"

"ಹೇಳಿಕೊಡಿ, ಹೇಳಿಕೊಡಿ," ಮ್ಯಾನೇಜರು ಅಂದು ಮೊದಲ ಸಲ ನಕ್ಕರು. "ಆಮೇಲೆ ಹತ್ತೇ ದಿನ ಯಾಕೆ? ಅಕ್ಕನ ಮನೇಲೇ ಇದ್ದುಬಿಡಿ."

ಜೇಬಿನಲ್ಲಿ ಫೋನು ಮೊಳಗಿತು. ಅಕ್ಕ. ಅದು ತಾನಾಗಿ ನಿಲ್ಲುವವರೆಗೂ ಮೌನಿ ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದ.