ಯಾರ ಹತ್ತಿರವೂ ಬಾಯಿ ಬಿಡದ ಜಿಪಿಎಸ್

ಇಂದ:
ಟೆರ್ಹೊ ಪುಲ್ಕಿನೆನ್,
ಹಾಲಿ ಸಾರು ಕಾಯಿಸುವವನು, ಮಾಜಿ ಬೇಟೆಗಾರ (ಒಂಬತ್ತನೇ ಕಾವಲು),
ಕೊರ್ಪಿವಾರಾ ಗ್ರಾಮ, ಕೈನೂ ಸೀಮೆ, ಫಿನ್ಲೆಂಡ್.

ಗೆ:
ಶ್ರೀ ರೈಮೊ ಕರ್ವೊನೆನ್ ಅವರು,
ಮೂಸ್ ಬೇಟೆ ತಂಡದ ನಾಯಕರು ಹಾಗೂ ಅರ್ಜಿದಾರನ ಹೆಂಡತಿಯ ಅಣ್ಣ.
(ಖುದ್ದಾಗಿ ಓದಿ, ಸೌನಾ ಎಂಬ ಹಬೆಸ್ನಾನದ ಕೋಣೆಯ ಒಲೆಗೆ ಹಾಕತಕ್ಕದ್ದು.)

ವಿಷಯ: ಅತ್ಯಂತ ಸಾದಾ ಕೈ ಜಿಪಿಎಸ್ ಒಂದನ್ನು ಆರಿಸಿ ತಂದಿರುವ ಕಾರಣ, ಅರ್ಜಿದಾರನನ್ನು ಸಾರಿನ ಪಾತ್ರೆಯಿಂದ ಬಿಡುಗಡೆ ಮಾಡಿ ಒಂಬತ್ತನೇ ಕಾವಲಿಗೆ ಮರುನೇಮಿಸುವ ಬಗ್ಗೆ.

ಉಲ್ಲೇಖ: ೧) ತಾವು ಸೌನಾದ ಮೇಲಿನ ಹಲಗೆಯಿಂದ ಹೊರಡಿಸಿದ ಮೌಖಿಕ ಆದೇಶ (ಆ ವೇಳೆ ತಮ್ಮ ಮೈಮೇಲೆ ಅಧಿಕಾರದ ಗುರುತಾಗಲಿ, ಬೇರೇನೇ ಆಗಲಿ ಇರಲಿಲ್ಲ).
೨) ಕಳೆದ ಭಾನುವಾರ "ಕಾಡಲ್ಲಿ" ನಡೆದ ಮಾತುಕತೆ.

ಮಾನ್ಯರೇ, ಹಾಗೂ ಭಾವನವರೇ,

ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸದರಿ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನಾಯಿ, ಕುದುರೆಯೆತ್ತರದ ಕಾಡುಜಿಂಕೆಯಾದ ಮೂಸನ್ನು ಅಟ್ಟಿಕೊಂಡು ಬರುವಾಗ ಪ್ರತಿಯೊಬ್ಬ ಬೇಟೆಗಾರನೂ ತನ್ನ ಕಾವಲಿನಲ್ಲಿ ಕದಲದೆ ನಿಂತಿರಬೇಕೆಂಬುದು ನಮ್ಮ ತಂಡದ ನಿಯಮ. ಒಂಬತ್ತನೇ ಕಾವಲು ತಮ್ಮ ದಿವಂಗತ ತಂದೆಯವರದು. ಕಾಲು ಸೋತ ಮೇಲೆ ಅವರು ಅದನ್ನು ಅಳಿಯನಾದ ಅರ್ಜಿದಾರನಿಗೆ ಬಿಟ್ಟುಕೊಟ್ಟರು. ಅವನ ಹೆಸರಿಗೆ ಊರಿನಲ್ಲಿ ಇರುವ ಮರ್ಯಾದೆಯೆಲ್ಲ ಆ ನಾಲ್ಕು ಅಡಿ ಜಾಗದಲ್ಲೇ ಇದೆ.

೨. ಈ ಶರತ್ಕಾಲದ ಮೊದಲ ಬೇಟೆಯ ದಿನ ನಾಯಿ ಬೇರೆ ದಿಕ್ಕು ಹಿಡಿದಿದ್ದರಿಂದ ಅರ್ಜಿದಾರನು ಬೇಸರಗೊಂಡು ಕಾವಲಿನಿಂದ ಕೊಂಚ ಆಚೆ ಹೋದದ್ದು ನಿಜ. ಚೀಲದಲ್ಲಿ ಮಡಿಸುವ ಗಾಳವಿದ್ದದ್ದೂ ನಿಜ. ಆಚೆ ಒಂದು ಕೊಳವಿದೆ. ಅದು ಎಲ್ಲಿದೆ ಎಂಬುದು ಈ ಅರ್ಜಿಗೆ ಸಂಬಂಧಿಸಿದ್ದಲ್ಲ. ಮೀನು ಕಚ್ಚತೊಡಗಿದ ಹೊತ್ತಿಗೆ ಮಂಜು ಕವಿದು, ಎದುರು ದಂಡೆಯೂ ಕಾಣದಾಯಿತು. ಆಗ ತಮ್ಮ ಕರೆ ಬಂತು. ದಾಖಲೆಗಾಗಿ ಸಂಭಾಷಣೆಯನ್ನು ಯಥಾವತ್ತಾಗಿ ಕೊಡಲಾಗಿದೆ:

"ಟೆರ್ಹೊ, ಎಲ್ಲಿದ್ದೀಯ?"
"ಕಾಡಲ್ಲಿ."
"ಎಲ್ಲರೂ ಕಾಡಲ್ಲೇ ಇದ್ದೀವಿ ಮಾರಾಯ! ಎದುರಿಗೆ ಏನು ಕಾಣಿಸ್ತಿದೆ?"
"ಮರ."
"ಎಂಥ ಮರ?"
"ನಿಂತಿರೋ ಮರ."

ಇಷ್ಟರಲ್ಲಿ ಚಳಿಗೆ ಮೊಬೈಲ್ ಸತ್ತುಹೋಯಿತು.

೩. ಇನ್ನು ತಮ್ಮ ಬೆನ್ನ ಹಿಂದೆ ತಂಡದ ಹನ್ನೊಂದು ಮಂದಿಯೂ ತನ್ನನ್ನು ಹುಡುಕಿಕೊಂಡು ಬರುತ್ತಾರೆ, ಬಂದರೆ ಕೊಳವನ್ನೂ ಕಾಣುತ್ತಾರೆ, ಕಂಡವರು ಮರುದಿನವೇ ಬಕೆಟ್ ಸಮೇತ ಹಾಜರಾಗುತ್ತಾರೆ ಎಂದು ಅರ್ಜಿದಾರನಿಗೆ ಮನವರಿಕೆಯಾಯಿತು. ಆದ್ದರಿಂದ, ಎಲ್ಲಿಯಾದರೂ ಮರ್ಯಾದಸ್ಥ ಜಾಗದಲ್ಲಿ ಸಿಕ್ಕಿಬೀಳೋಣವೆಂಬ ಸದುದ್ದೇಶದಿಂದ ಅವನು ಅಲ್ಲಿಂದ ಹೊರಟನು. ಅಲ್ಲಿಯವರೆಗೆ ತಾನು ಎಲ್ಲಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊರಟ ಮೇಲೆ ನಿಜವಾಗಿಯೂ ದಾರಿ ತಪ್ಪಿತು. ಕತ್ತಲಾಗುವ ಮೊದಲು ಮುಸ್ತಿ ಎಂಬ ನಾಯಿ ಅವನನ್ನು ಒಂದು ಮೋಟುಮರದ ಮೇಲೆ ಪತ್ತೆಹಚ್ಚಿತು. ಅಂದು ಒಂದು ಮೂಸೂ ಸಿಗಲಿಲ್ಲ, ಟೆರ್ಹೊ ಒಬ್ಬನೇ ಸಿಕ್ಕಿದ್ದು ಎಂದು ಊರೆಲ್ಲ ಆಡಿಕೊಂಡದ್ದು ತಮಗೆ ತಿಳಿದೇ ಇದೆ.

೪. ತರುವಾಯ ಸೌನಾದಲ್ಲಿ ತಾವು, "ನಾಳೆಯಿಂದ ನೀನು ಸಾರಿನ ಪಾತ್ರೆ ಹತ್ರ ನಿಂತ್ಕೊ. ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿದೆ. ಜಿಪಿಎಸ್ ತಗೊಂಡು, ಅದನ್ನ ನೋಡೋದು ಕಲಿತ ಮೇಲೆ ಕಾವಲಿನ ಮಾತಾಡು" ಎಂದು ಆದೇಶಿಸಿದಿರಿ. ಮನೆಯಲ್ಲಿ ತಮ್ಮ ತಂಗಿ ಹಿಲ್ಕಾ ಅದಕ್ಕಿಂತ ಕಡಿಮೆ ಮಾತಾಡಿದಳು. "ನೀನು ಅಲ್ಲೇ ಸತ್ತಿದ್ರೆ ನಾನು ನಿನ್ನ ಸಮಾಧಿಯ ಮೇಣದಬತ್ತಿ ಎಲ್ಲಿ ಹಚ್ಚಬೇಕಿತ್ತು? ಕಾಡಲ್ಲಾ?" ಅಂದಳು. ಅರ್ಜಿದಾರನಿಗೆ ತಮ್ಮ ಆದೇಶ ನಾಟಿರಲಿಲ್ಲ. ಈ ಮಾತು ನಾಟಿತು. ಮಾರನೇ ದಿನವೇ ಅವನು ಪೇಟೆಗೆ ಹೋದನು.

೫. ಅಂಗಡಿಯ ಹುಡುಗಿ ಮೊದಲು ತೋರಿಸಿದ ಸಾಧನದಲ್ಲಿ ಬಣ್ಣಬಣ್ಣದ ನಕ್ಷೆಯಿತ್ತು, ಎದೆಬಡಿತ ಎಣಿಸುವ ಸೌಲಭ್ಯವಿತ್ತು.
"ಇದರ ವಿಶೇಷ ಏನಂದ್ರೆ, ನೀವಿರೋ ಜಾಗನ ನಿಮ್ಮ ಸ್ನೇಹಿತರಿಗೆಲ್ಲ ಇದೇ ಕಳಿಸುತ್ತೆ!" ಎಂದಳು.
ಅರ್ಜಿದಾರನು ಅದನ್ನು ಕೈ ಸುಟ್ಟವನಂತೆ ಮೇಜಿನ ಮೇಲಿಟ್ಟನು.
"ಕಳಿಸದೇ ಇರೋದು ಇಲ್ವೇನಮ್ಮ?"
"ಯಾಕೆ, ಕಳೆದುಹೋದ್ರೆ ಹುಡುಕೋದು ಬೇಡ್ವಾ?"
"ನಾನು ಎಲ್ಲಿದ್ದೀನಿ ಅಂತ ನನಗೆ ಹೇಳಿದ್ರೆ ಸಾಕು. ಬೇರೆಯವರ ಹತ್ರ ಬಾಯಿ ಬಿಡಬಾರದು."
ಹುಡುಗಿ ನಿಟ್ಟುಸಿರು ಬಿಟ್ಟು ಎಲ್ಲಕ್ಕಿಂತ ಕೆಳಗಿನ ಕಪಾಟಿಗೆ ಬಗ್ಗಿದಳು. "ನೀವೂ ಕೊರ್ಪಿವಾರಾದವರಾ? ಆ ಊರಿನ ತಾತಂದಿರೆಲ್ಲ ಇದನ್ನೇ ಕೇಳ್ತಾರೆ."

೬. ಹೀಗೆ ಆಯ್ಕೆಯಾದ ಸಾಧನದ ಗುಣಗಳು: ಕೈಗವಸು ಹಾಕಿಕೊಂಡೇ ಒತ್ತಬಹುದಾದ ದಪ್ಪ ಬಟನ್‌ಗಳಿವೆ. ಯಾವ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ ಸಾಕು, ಸೆಲ್ ಮುಗಿದರೆ ಜೇಬಿನಿಂದ ಇನ್ನೆರಡು ತೆಗೆದು ಹಾಕಬಹುದು. ನೀರಿಗೆ ಬಿದ್ದರೆ ತೇಲುತ್ತದೆ (ಮನೆಯ ಬಕೆಟ್ಟಿನಲ್ಲಿ ಪರೀಕ್ಷಿಸಲಾಗಿದೆ, ಹಿಲ್ಕಾ ಸಾಕ್ಷಿ). ಕಪ್ಪು ಬಿಳುಪಿನ ಪರದೆ, ಬಿಸಿಲಲ್ಲೂ ಓದಬಹುದು. ಕಾರು ನಿಲ್ಲಿಸಿದ ಜಾಗವನ್ನು ಒಮ್ಮೆ ಗುರುತು ಹಾಕಿಟ್ಟರೆ ಎಲ್ಲಿಂದಲಾದರೂ ಒಂದು ಬಾಣ ಅತ್ತಲೇ ತೋರಿಸುತ್ತದೆ. ಇಷ್ಟು ಬಿಟ್ಟರೆ ಅದಕ್ಕೆ ಬೇರೇನೂ ಬರುವುದಿಲ್ಲ. ಅರ್ಜಿದಾರನಿಗೆ ಇಂಥ ಸ್ನೇಹಿತ ಈವರೆಗೆ ಸಿಕ್ಕಿರಲಿಲ್ಲ.

೭. ಕಳೆದ ಭಾನುವಾರ ಸದರಿ ಸಾಧನವನ್ನು ಪರೀಕ್ಷಿಸುವ ಸಲುವಾಗಿ ಅರ್ಜಿದಾರನು ಕಾರನ್ನು ಮಾತ್ರ ಗುರುತು ಹಾಕಿಕೊಂಡು, ಕೊಳವನ್ನು ಗುರುತು ಹಾಕದೆ, ಕೊಳಕ್ಕೆ ಹೋದನು. ದಂಡೆಯಲ್ಲಿ ಬಕೆಟ್ಟನ್ನು ಬೋರಲು ಹಾಕಿಕೊಂಡು ಒಬ್ಬರು ಗಾಳ ಹಿಡಿದು ಕುಳಿತಿದ್ದರು. ಕೊರಳಲ್ಲಿ ಇಂಥದೇ ಜಿಪಿಎಸ್ ನೇತಾಡುತ್ತಿತ್ತು. ಅವರು ತಾವೇ ಆಗಿದ್ದಿರಿ.

"ಭಾವ! ನೀನೇನು ಇಲ್ಲಿ?"
"ಎಲ್ಲಿ? ನಾನು ಕಾಡಲ್ಲಿದ್ದೀನಿ."
"ಈ ಜಾಗ ನಿನಗೆ ಯಾರು ತೋರಿಸಿದ್ದು?"
"ನಮ್ಮಪ್ಪ. ಅಳಿಯಂಗೆ ಮಾತ್ರ ಹೇಳ್ಬೇಡ ಅಂದಿದ್ದ."
"ನನಗೂ ಮಾವನೇ ತೋರಿಸಿದ್ದು. ಮದುವೆ ದಿನ. ರೈಮೊಗೆ ಮಾತ್ರ ಹೇಳ್ಬೇಡ ಅಂದಿದ್ರು."

ಇಬ್ಬರೂ ಸ್ವಲ್ಪ ಹೊತ್ತು ದಿವಂಗತರ ಬಗ್ಗೆ ಇಲ್ಲಿ ಬರೆಯಲಾಗದ ಮಾತುಗಳನ್ನಾಡಿದ್ದು ತಮಗೆ ನೆನಪಿರಬಹುದು. ಆಮೇಲೆ ಅರ್ಜಿದಾರನು ಕೇಳಿದನು:

"ಹಂಗಾದ್ರೆ ಅವತ್ತು ನಾನು ಇಲ್ಲೇ ಇದ್ದೀನಿ ಅಂತ ನಿನಗೆ ಗೊತ್ತಿತ್ತಾ?"
"ಗೊತ್ತಿತ್ತು. ನಿಂತಿರೋ ಮರ ಅಂದೆಯಲ್ಲ, ಆಗಲೇ ಗೊತ್ತಾಯ್ತು. ಒಂಬತ್ತನೇ ಕಾವಲಿನ ಹತ್ರ ಬಚ್ಚಿಡೋಕೆ ಈ ಕೊಳ ಬಿಟ್ರೆ ಇನ್ನೇನಿದೆ?"
"ಮತ್ತೆ ಯಾಕೆ ಬರಲಿಲ್ಲ?"
"ಹನ್ನೊಂದು ಜನ ಬೆನ್ನ ಹಿಂದೆ ಇದ್ರಲ್ಲೋ! ಅವರನ್ನೆಲ್ಲ ದಕ್ಷಿಣದ ಕಡೆ ಅಟ್ಟಿ ಒಬ್ಬನೇ ಓಡಿ ಬಂದೆ. ಬಂದ್ರೆ ನೀನಿಲ್ಲ. ನೆಲದ ಮೇಲೆ ನಿನ್ನ ಕಾಫಿ ಲೋಟ ಬಿದ್ದಿತ್ತು. ನೀರಿಗೆ ಬಿದ್ದೆ ಅಂದ್ಕೊಂಡೆ. ಹಿಲ್ಕಾಗೆ ಏನು ಹೇಳೋದು ಅಂತ ಇಲ್ಲೇ ನಿಂತಿದ್ದೆ. ಮುಸ್ತಿ ಬೊಗಳೋವರೆಗೂ ನಿಂತಿದ್ದೆ."

೮. ತಮ್ಮನ್ನು ಅರ್ಜಿದಾರನು ಮುಂಗೋಪಿ ಎಂದೇ ಇಷ್ಟು ದಿನ ತಿಳಿದಿದ್ದನು. ಸೌನಾದ ಆದೇಶ ಕೋಪದಿಂದ ಹೊರಟದ್ದಲ್ಲ, ಭಯದಿಂದ ಹೊರಟದ್ದು ಎಂದು ಈಗ ಮನವರಿಕೆಯಾಗಿದೆ. ಇದಕ್ಕೆ ಅವನು ಅಂದೇ ಏನಾದರೂ ಹೇಳಬೇಕಿತ್ತು. ಅದರ ಬದಲು ತನ್ನ ಡಬ್ಬಿಯ ಗಾಳದ ಹುಳುಗಳಲ್ಲಿ ಅರ್ಧ ಕೊಟ್ಟನು. ತಾವೂ ತೆಗೆದುಕೊಂಡಿರಿ.

ಆದ್ದರಿಂದ, ಉಲ್ಲೇಖ ಒಂದರ ಷರತ್ತು ಪೂರೈಸಿರುವ ಕಾರಣ, ಹಾಗೂ ಸಾರಿಗೆ ಉಪ್ಪು ಜಾಸ್ತಿಯೆಂದು ತಂಡದವರೇ ದೂರಿರುವ ಕಾರಣ, ಒಂಬತ್ತನೇ ಕಾವಲನ್ನು ಅರ್ಜಿದಾರನಿಗೆ ಮರಳಿ ಕೊಡಬೇಕಾಗಿ ಪ್ರಾರ್ಥನೆ. ಇದಕ್ಕೆ ಕಾರಣ ಕೇಳುವವರಿಗೆ, ಜಿಪಿಎಸ್ ಪರೀಕ್ಷೆಯಲ್ಲಿ ಟೆರ್ಹೊ ಪಾಸಾದ ಎಂದಷ್ಟೇ ಹೇಳತಕ್ಕದ್ದು. ಪರೀಕ್ಷೆ ಎಲ್ಲಿ ನಡೆಯಿತೆಂದು ಕೇಳಿದರೆ ಏನು ಹೇಳಬೇಕೆಂಬುದು ತಮಗೆ ಗೊತ್ತೇ ಇದೆ.

ತಮ್ಮ ವಿಶ್ವಾಸಿ, ಭಾನುವಾರದಿಂದ ಹೆಚ್ಚಿನ ವಿಶ್ವಾಸಿ,
ಟೆರ್ಹೊ ಪುಲ್ಕಿನೆನ್

ಲಗತ್ತುಗಳು:
೧) ಸಾರಿನ ಸೌಟು, ಒಂದು, ತೊಳೆದದ್ದು.
೨) ಪೆನ್ಸಿಲ್ ಸೆಲ್, ಎರಡು, ತಮ್ಮ ಸಾಧನಕ್ಕೆ.
೩) ಸ್ಥಳದ ನಕ್ಷೆ: ಲಗತ್ತಿಸಿಲ್ಲ.

ಕೊನೆಯ ಕೋರಿಕೆ: ಅರ್ಜಿದಾರನು ಇನ್ನೊಮ್ಮೆ ಕಳೆದುಹೋದಲ್ಲಿ ಈ ಬಾರಿ ಕೊಳದ ದಂಡೆ ಬಿಟ್ಟು ಕದಲುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡುತ್ತಾನೆ. ತಾವು ಹುಡುಗರನ್ನು ದಕ್ಷಿಣಕ್ಕೆ ಅಟ್ಟಿ, ಒಬ್ಬರೇ ಬರಬೇಕಾಗಿ ವಿನಂತಿ.