ಖಾಲಿ ಕುರ್ಚಿಗೆ ಗಾಳಿ

ನಮ್ಮ ಕಡೆ ಮನುಷ್ಯರು ನೌಕರಿ ಬಿಡುತ್ತಾರೆ, ನೌಕರಿ ಮಾತ್ರ ಮನುಷ್ಯರನ್ನು ಬಿಡುವುದಿಲ್ಲ. ಊರು ಬಿಟ್ಟು ಹೋದವರಿಗೆ ಸಲಾಮು ಬೀಳುತ್ತಲೇ ಇರುತ್ತದೆ, ಇನ್ನೂ ಬಾರದವರ ಮೇಲೆ ತಕರಾರು ಶುರುವಾಗಿರುತ್ತದೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಒಂದೆರಡು ವರ್ಷ ಕಳೆದ ಆ ದಿನಗಳಲ್ಲಂತೂ ಯಾವ ಕಚೇರಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಹೇಳುವುದೇ ಕಷ್ಟವಾಗಿತ್ತು. ನನಗೆ ಆದದ್ದನ್ನಷ್ಟೇ ಹೇಳುತ್ತೇನೆ. ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ನಾಲ್ಕು ಜನ ಸುತ್ತ ಕೂತಿದ್ದಾಗ ಮಾತ್ರ.

ಅತ್ತಿಯ ಹಲ್ಲಿ

ಆಗ ನಾನು ಲಿಂಗಸುಗೂರಿನ ಹೆಣ್ಣುಮಕ್ಕಳ ಸಾಲಿಗೆ ದೊಡ್ಡಕ್ಕೋರು, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ. ಗಂಡ ತೀರಿಕೊಂಡ ವರ್ಷ ಆ ಸಾಲಿಗೆ ಸೇರಿದವಳು, ಅಲ್ಲೇ ತಲೆ ನರೆಸಿಕೊಂಡಿದ್ದೆ. ನನ್ನ ಹತ್ತಿರ ಮರದ ಹಿಡಿಕೆಯ ಒಂದು ಕರಿ ಛತ್ರಿ ಇತ್ತು. ದೂರದಿಂದ ನನ್ನ ಮುಖಕ್ಕಿಂತ ಮೊದಲು ಅದೇ ಕಾಣುತ್ತಿದ್ದುದರಿಂದ ಹುಡುಗಿಯರು ಛತ್ರಿ ಕಂಡರೇ ಎದ್ದು ನಿಲ್ಲುತ್ತಿದ್ದರು.

ಒಂದು ದಿನ ರಾಯಚೂರಿನಿಂದ ಮೇಲಿನ ಅಧಿಕಾರಿಯೊಬ್ಬರು ಬಂದರು. "ಸಿಂಧನೂರಿನಾಗ ಸಾಲಿಗಳ ತನಿಖಿ ಮಾಡೋ ಜಾಗಾ ಖಾಲಿ ಅದ. ಕಾಲುವೆ ಬರಾಕತ್ತದ, ಜನ ಬರಾಕತ್ತಾರ, ಹೆಣ್ಣುಮಕ್ಕಳ ಸಾಲಿ ತೆಗೀಬೇಕು. ಹೈದರಾಬಾದಿನಾಗ ಬಿ.ಎ. ಮಾಡಿದವ್ರು ಈ ಕಡೆ ನೀವೊಬ್ರೇ. ಮಳಿ ಹಿಡಿಯೂದರಾಗ ಹ್ಞೂಂ ಅನ್ರಿ, ಇಲ್ಲಾ ಊಂಹೂಂ ಅನ್ರಿ," ಎಂದು ಚಹಾ ಕುಡಿದು ಹೋದರು.

ನನಗೋ ನಲವತ್ತು ದಾಟಿತ್ತು. ಕಲಿತದ್ದೆಲ್ಲ ಉರ್ದುವಿನಲ್ಲಿ. ಈಗ ಎಲ್ಲವೂ ಕನ್ನಡಕ್ಕೆ ತಿರುಗಿತ್ತು, ಹೊಸ ಟ್ರೇನಿಂಗಿನ ಹುಡುಗಿಯರು ಬರುವವರಿದ್ದರು. ಇಲ್ಲೇ ಉಳಿದರೆ ನಾಲ್ಕು ದಿನಕ್ಕೆ ಮೂಲೆಯ ಸಾಮಾನಾಗುತ್ತೇನೆ, ಅದು ಗೊತ್ತಿತ್ತು. ಆದರೆ ಇಲ್ಲಿ ನಾನು ದೊಡ್ಡಕ್ಕೋರು. ಅಲ್ಲಿ ಹೋದರೆ ಯಾರು? ಸಾಲಿ ಬಿಟ್ಟ ಮೇಲೆ ನನ್ನಲ್ಲಿ ನಾನು ಅನ್ನುವುದು ಏನಾದರೂ ಉಳಿದಿರುತ್ತದೆಯೋ ಇಲ್ಲವೋ, ಅದೇ ಅಂಜಿಕೆ.

ನನ್ನ ಜೊತೆಗಿದ್ದದ್ದು ಅಪ್ಪನ ಅಕ್ಕ, ನನ್ನ ಸೋದರತ್ತಿ. ಆಕೆಗೆ ಇಂಥ ಪ್ರಶ್ನೆಗಳೇ ಇರಲಿಲ್ಲ. ಆಕೆ ಎಲ್ಲವನ್ನೂ ಗೋಡೆಯ ಹಲ್ಲಿಯನ್ನು ಕೇಳುತ್ತಿದ್ದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದರೂ ಲೊಚಗುಡುತ್ತಿದ್ದ ಆ ಹಲ್ಲಿ, ಅಧಿಕಾರಿ ಬಂದು ಹೋದ ದಿನದಿಂದ ಬಾಯಿ ಮುಚ್ಚಿತು. ಅಟ್ಟದ ಕೆಳಗೆ ತಲೆ ಕೆಳಗಾಗಿ ಕೂತು ನನ್ನನ್ನೇ ನೋಡುವುದು. ನಾನು ಅಡಿಗೆಮನೆಗೆ ಹೋದರೆ ಅಲ್ಲಿ, ಪಡಸಾಲಿಗೆ ಬಂದರೆ ಇಲ್ಲಿ. ಆಮೇಲೆ ಅದೂ ಕಾಣದಾಯಿತು.

ಒಂದು ಸಂಜೆ ಅತ್ತಿ ಬೇಸತ್ತು, "ಹೋಗೂದು ಬ್ಯಾಡ, ಹೌದಿಲ್ಲೋ?" ಎಂದು ಗೋಡೆಗೆ ಕೇಳಿದಳು. ಮನೆಯೆಲ್ಲ ಸುಮ್ಮನಿತ್ತು. ಆಮೇಲೆ ಲೊಚ್, ಲೊಚ್, ಲೊಚ್ ಎಂದಿತು. ಗೋಡೆಯಿಂದಲ್ಲ, ಕೀಲಿ ಹಾಕಿದ್ದ ನನ್ನ ಟ್ರಂಕಿನೊಳಗಿನಿಂದ.

ಅತ್ತಿ ಸೆರಗು ಹೊದ್ದುಕೊಳ್ಳುತ್ತ, "ನಿನಗ ಹೋಗಬ್ಯಾಡ ಅಂತದ. ತಾನು ಮಾತ್ರ ಟ್ರಂಕಿನಾಗ ಹೊಂಟು ಕೂತದ," ಎಂದಳು.

ಮಸ್ಕಿಯಲ್ಲಿ ಬೀಳದ ಹೂವು

ಹ್ಞೂಂ ಅನ್ನುವ ಮೊದಲು ಸಿಂಧನೂರಿಗೆ ಹೋಗಿ ಆ ಕಚೇರಿಯನ್ನು ಒಮ್ಮೆ ಕಣ್ಣಿಂದ ನೋಡಿ ಬರೋಣವೆಂದು ಹೊರಟೆ. ಮೋಟಾರು ಮಸ್ಕಿಯಲ್ಲಿ ಕೆಟ್ಟು ನಿಂತಿತು. ದುರಸ್ತಿಗೆ ಹೊತ್ತಾಗುತ್ತದೆ ಎಂದರು. ಗುಡ್ಡ ಹತ್ತಿ ಮೇಲಿನ ಗುಡಿಗೆ ಹೋದೆ. ಬಿ.ಎ. ಓದಿದವಳು ದೇವರಿಗೆ ಹೂವು ಏರಿಸಿ ಕೇಳುವುದೇ ಎಂದು ನಾಚಿಕೆಯಾಯಿತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಕೇಳಿದೆ.

ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ, "ಬಲಕ್ಕ ಬಿದ್ರ ಹೋಗ್ರಿ, ಎಡಕ್ಕ ಬಿದ್ರ ಇರ್ರಿ," ಎಂದ.

ಕೂತೆವು. ಹೂವು ಬೀಳಲಿಲ್ಲ. ಹೊರಗೆ ಬಂಡೆ ಕಾದು ಚಟಚಟ ಅನ್ನುತ್ತಿತ್ತು, ಒಳಗೆ ದೀಪದ ಕುಡಿ ಚಿತ್ರದಲ್ಲಿ ಬರೆದಂತೆ ನಿಂತಿತ್ತು. ಹೂವಿನ ನೀರು ಆರಿತು, ಎಸಳು ಸುರುಟಿಕೊಂಡವು, ಆದರೂ ಯಾರೋ ಬೆರಳಿಂದ ಹಿಡಿದಂತೆ ಎರಡೂ ಅಲ್ಲೇ. ಪೂಜಾರಿ ಎದ್ದು ಹತ್ತಿರ ಹೋಗಿ ನೋಡಿ ಹಿಂದೆ ಸರಿದ. "ಹಿಂಗ ಎಂದೂ ಆಗಿಲ್ರಿ. ನೀವು ಯಾವ ಊರವ್ರು?"

"ಲಿಂಗಸುಗೂರು."

"ಸಿಂಧನೂರಿನ ನೌಕರಿ ಮಾತೇನು?"

ನಾನು ಊರ ಹೆಸರನ್ನಾಗಲಿ ನೌಕರಿಯನ್ನಾಗಲಿ ಎತ್ತಿರಲಿಲ್ಲ. "ನಿಮಗ ಹೆಂಗ ಗೊತ್ತು?" ಎಂದೆ.

"ಹ್ವಾದ ಸೋಮಾರ ಒಬ್ಬಾಕಿ ಮುದುಕಿ ಬಂದಿದ್ಲರಿ. ನಮ್ಮ ಸೊಸಿ ಸಿಂಧನೂರಿಗೆ ಹೋಗಬಾರದು, ಆಕಿ ಬಂದು ಕೇಳಿದ್ರ ಏನೂ ಹೇಳಬ್ಯಾಡ ಅಂತ ಕಾಯಿ ಒಡಸಿ, ದೇವರ ಬಾಯಿ ಕಟ್ಟಿ ಹೋಗ್ಯಾಳ."

ಹೋದ ಸೋಮವಾರ ಅತ್ತಿ ಬಾಣಂತಿ ನೋಡಿ ಬರುತ್ತೇನೆಂದು ಹೋದವಳು ಸಂಜೆ ಕಾಲು ನೋವು ಎಂದು ಮಲಗಿದ್ದಳು. ನಾನು ಎದ್ದು ಹೊಸ್ತಿಲು ದಾಟುವಾಗ ಹಿಂದೆ ಮೆತ್ತಗೆ ಸಪ್ಪಳವಾಯಿತು. ತಿರುಗಿ ನೋಡಿದರೆ ಎರಡೂ ಹೂವು ಒಟ್ಟಿಗೆ ಬಿದ್ದಿದ್ದವು.

"ಇದರ ಅರ್ಥ ಏನ್ರಿ?"

ಪೂಜಾರಿ ಹೂವು ಬಳಿಯುತ್ತ, "ಅತ್ತಿ ಸೊಸಿ ನಡುವ ನನ್ನ ತರಬ್ಯಾಡ್ರಿ ಅಂತ," ಎಂದ.

ಶೇರವಾನಿ ಸಾಹೇಬರು

ಸಿಂಧನೂರಿನ ಕಚೇರಿ ಊರ ಹೊರಗಿನ ಒಂದು ಹಳೆಯ ಬಂಗಲೆ. ಸುತ್ತ ಎರೆ ಹೊಲ, ಬಿರುಕು ಬಿಟ್ಟು ಬಾಯಿ ತೆರೆದಿತ್ತು. ನಡುಮಧ್ಯಾಹ್ನ, ಒಂದೆಲೆ ಅಲ್ಲಾಡುತ್ತಿರಲಿಲ್ಲ. ಪಡಸಾಲೆಯಲ್ಲಿ ಮುದುಕ ಚಪರಾಸಿ ಒಳಗೆ ಸೂರಿಗೆ ತೂಗುಬಿಟ್ಟ ಬಟ್ಟೆಯ ಪಂಖಾದ ಹಗ್ಗ ಜಗ್ಗುತ್ತ ಕೂತಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಸಾಹೇಬ್ರ ಜಾಗಾ ಖಾಲಿ ಅದ ಅಂದ್ರು. ಲಿಂಗಸುಗೂರಿನಿಂದ ನೋಡಾಕ ಬಂದೀನಿ."

"ಖಾಲಿ ಎಲ್ಲದರಿ? ಸಾಹೇಬ್ರು ಒಳಗ ಅದಾರ. ಸಲಾಮ್ ಹೇಳಿ ನಿಂದರ್ರಿ," ಎಂದ.

ಒಳಗೆ ಹೋದೆ. ಮೇಜಿನ ಹಿಂದೆ ದೊಡ್ಡ ಕುರ್ಚಿ. ಕುರ್ಚಿಗೆ ಒಂದು ಬಿಳಿ ಶೇರವಾನಿ ತೊಡಿಸಿತ್ತು. ಗುಂಡಿಗಳೆಲ್ಲ ಹಾಕಿದ್ದವು. ಕತ್ತಿನ ಮೇಲೆ ಏನೂ ಇರಲಿಲ್ಲ.

ಪಕ್ಕದ ಕೋಣೆಯ ಗುಮಾಸ್ತ ಎಲ್ಲ ಬಿಡಿಸಿ ಹೇಳಿದ. ಹಿಂದಿನ ಸಾಹೇಬರಿಗೆ ಶತರಂಜದ ಹುಚ್ಚು. ಶೇರವಾನಿ ಕುರ್ಚಿಗೆ ಹಾಕಿ ಆಡಲು ಹೋಗುವರು. ಕುರ್ಚಿಯ ಮೇಲೆ ಶೇರವಾನಿ ಇದ್ದರೆ ಸಾಹೇಬರು ಹಾಜರು ಅಂತಲೇ ಲೆಕ್ಕ. ಒಂದು ದಿನ ಹಾಗೇ ಹೋದವರು ಹೈದರಾಬಾದಿಗೆ ಹೋದರು, ಅಲ್ಲೇ ತೀರಿಕೊಂಡರು.

"ಹಂಗಾದ್ರ ಇದನ್ನ ತೆಗೀಬಾರದೇನು?"

"ತೆಗಿಯಾಕ ಹುಕುಂ ಬೇಕ್ರಿ."

"ಯಾರ ಹುಕುಂ?"

"ಸಾಹೇಬ್ರದು," ಎಂದು ಶೇರವಾನಿಯ ಕಡೆ ಗದ್ದ ಎತ್ತಿ ತೋರಿಸಿದ.

ಅಷ್ಟರಲ್ಲಿ ಗೊರೇಬಾಳದ ಮಾಸ್ತರನೊಬ್ಬ ಬಂದು, ಬಗ್ಗಿ ಸಲಾಮು ಮಾಡಿ, ರಜೆಯ ಅರ್ಜಿ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ಹೊರಗೆ ಮುದುಕ ಹಗ್ಗ ಜಗ್ಗಿದ. ಪಂಖಾ ಬೀಸಿತು. ಶೇರವಾನಿಯ ಬಲತೋಳು ಸಾವಕಾಶ ಮೇಲೆದ್ದು ಅರ್ಜಿಯ ಕಡೆ ಬಂದು ಇಳಿಯಿತು. "ಮಂಜೂರ್," ಎಂದು ಗುಮಾಸ್ತ ಠಸ್ಸೆ ಒತ್ತಿದ.

ನಾನು ಮಾಸ್ತರನನ್ನು ಬದಿಗೆ ಕರೆದು, "ಸಾಹೇಬ್ರು ಇಲ್ಲ ಅನ್ನೂದು ಗೊತ್ತದೇನು?" ಎಂದೆ.

"ಗೊತ್ತದರಿ. ಇದ್ದಾಗ ಒಂದು ದಿನಾನೂ ರಜಾ ಕೊಟ್ಟವರಲ್ಲ. ತೀರಿಕೊಂಡ ಮ್ಯಾಲ ಭಾಳ ಸುಧಾರಿಸ್ಯಾರ."

ಅವನು ಹೋದ. ಮುದುಕ ಒಳಗೆ ಬಂದು ನನ್ನ ಪಕ್ಕ ಎದೆಗೆ ಕೈಕಟ್ಟಿ ನಿಂತ. ಕುರ್ಚಿಯನ್ನು ಬರಿದಾಗಿ ನೋಡದೆ ಈ ನೌಕರಿಯ ವಿಚಾರ ಮಾಡುವುದು ಹೇಗೆ ಅನ್ನಿಸಿತು. "ಸಾಹೇಬ್ರ, ತೆಗೀಲೇನ್ರಿ?" ಎಂದು ನಗುತ್ತಲೇ ಶೇರವಾನಿಯನ್ನು ಕೇಳಿದೆ. ತೋಳು ಎದ್ದಿತು. ನನ್ನ ಕಡೆ ಬಂತು. ಇಳಿಯಿತು.

"ಹುಕುಂ ಆತ್ರಿ," ಎಂದ ಮುದುಕ.

ಎರಡೂ ಕೈ ಬೇಕಾದ್ದರಿಂದ ಛತ್ರಿಯನ್ನು ಕುರ್ಚಿಯ ತೋಳಿಗೆ ಸಿಕ್ಕಿಸಿ, ಗುಂಡಿ ಬಿಚ್ಚಿ, ಶೇರವಾನಿ ಮಡಿಚಿ ಕಪಾಟಿನಲ್ಲಿಟ್ಟೆ. ಅತ್ತರಿನ ವಾಸನೆ ಹಾಗೇ ಇತ್ತು. ಕಾಲರಿನ ಒಳಬದಿ ಬೆಚ್ಚಗಿತ್ತು. ಬೇಸಿಗೆಯಲ್ಲಿ ಎಲ್ಲವೂ ಬೆಚ್ಚಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗಲೇ ಮೋಟಾರಿನ ಹಾರ್ನು ಕೇಳಿತು, ಓಡಿದೆ.

ಮಸ್ಕಿ ದಾಟುವಾಗ ಹೊಳೆಯಿತು. ಮುದುಕ ನನ್ನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ, ಗುಮಾಸ್ತ ಪಕ್ಕದ ಕೋಣೆಯಲ್ಲಿದ್ದ. ಹಾಗಾದರೆ ಹಗ್ಗ ಜಗ್ಗಿದವರು ಯಾರು? ಗಟ್ಟಿಯಾಗಿ ಹಿಡಿದುಕೊಳ್ಳೋಣವೆಂದು ಕೈ ಚಾಚಿದರೆ ಛತ್ರಿಯೂ ಇರಲಿಲ್ಲ.

ಬುಧವಾರದ ಭೇಟಿ

ಊರಿಗೆ ಬಂದು ಹ್ಞೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ. ದಿನ ದೂಡಿದೆ. ಮೊದಲ ಮಳೆಯ ಮೋಡ ಕಟ್ಟುವ ಹೊತ್ತಿಗೆ ಲಿಂಗಸುಗೂರಿನ ಸಂತೆಯಲ್ಲಿ ಪರಿಚಯವೇ ಇಲ್ಲದ ಒಬ್ಬ ಮಾಸ್ತರ ಅಡ್ಡ ಬಂದು ಕೈಮುಗಿದ.

"ನಾ ಜವಳಗೇರಾದಾವ್ರಿ. ಸಿಂಧನೂರಿನ ಕಚೇರಿ ಅಕ್ಕೋರು ನೀವ ಅಂತಲ್ರಿ? ಬುಧವಾರ ನಿಮ್ಮ ಭೇಟಿಗೆ ಬಂದಿದ್ದೆ. ನಿಮ್ಮ ದಯಾದಿಂದ ಸಾಲಿಗೆ ಹೊಸ ಬೋರ್ಡು ಬಂತು."

"ಬುಧವಾರ ನಾ ಇದೇ ಊರಾಗಿದ್ದೆ."

ಅವನು ಮುಗುಳ್ನಕ್ಕ, ದೊಡ್ಡವರು ಹೀಗೇ ಅನ್ನುತ್ತಾರೆಂಬಂತೆ. "ಬಾಗಲ ಪಡದಾ ಸರಿಸಿ ನೋಡಾಕ ಧೈರ್ಯ ಆಗಲಿಲ್ರಿ. ಆದ್ರ ನಾ ಹೇಳೂದೆಲ್ಲಾ ಹೇಳಿದೆ, ನೀವು ಕೇಳಿದ್ರಿ. ಒಳಗ ಉಸರಾಡೂದು ಕೇಳಸ್ತಿತ್ತು."

ಮನೆಗೆ ಬಂದು ಅತ್ತಿಗೆ ಹೇಳಿದೆ. ಆಕೆ ನನ್ನ ಕೈ ಮುಟ್ಟಿ ನೋಡಿದಳು, ಪಾದ ಮುಂದಿವೆಯೋ ಹಿಂದಿವೆಯೋ ಎಂದು ಬಗ್ಗಿ ನೋಡಿದಳು. ಆಮೇಲೆ ತಣ್ಣಗೆ, "ಅಲ್ಲಿ ಒಬ್ಬಾಕಿ ಸೇರ್ಯಾಳಂದ್ರ ಸೇರ್ಲಿ ಬಿಡು. ನೀ ಇಲ್ಲೇ ಇರು," ಎಂದಳು.

ಬಾಕಿನ ಮೇಲೆ

ಅತ್ತಿಯ ಮಾತು ಹಿತವಾಗಿತ್ತು. ಊಂಹೂಂ ಎಂದೇ ಗಟ್ಟಿ ಮಾಡಿದೆ. ಆದರೆ ಛತ್ರಿ ಬೇಕಲ್ಲ, ಅದನ್ನು ತಂದುಬಿಡೋಣವೆಂದು ಸಿಂಧನೂರಿಗೆ ಹೋದೆ.

ಬಂಗಲೆ ಮುಟ್ಟುವುದಕ್ಕೂ ಮಳೆ ಹಿಡಿಯುವುದಕ್ಕೂ ಸರಿಹೋಯಿತು. ಮುದುಕ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಒಳಗೆ ಹೋಗಲು ಕಾಲೆತ್ತಿದೆ. "ಸರತಿ ಅದರಿ. ಅಕ್ಕೋರು ಒಳಗ ಅದಾರ. ಕೂಡ್ರಿ," ಎಂದ.

"ಯಾವ ಅಕ್ಕೋರು?"

"ಲಿಂಗಸುಗೂರಿನಿಂದ ಬಂದವ್ರು. ಸಾಹೇಬ್ರ ಹುಕುಂ ತಗೊಂಡು ಚಾರ್ಜ್ ತಗೊಂಡಾರ."

ಆ ಅಕ್ಕೋರು ನಾನೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅವನಷ್ಟು ಖಾತ್ರಿಯಾಗಿ ಹೇಳಿದರೆ ಯಾರಿಗಾದರೂ ತಮ್ಮ ಮೇಲೆಯೇ ಅನುಮಾನ ಬರುತ್ತದೆ. ಉದ್ದನೆಯ ಮರದ ಬಾಕಿನ ಮೇಲೆ ಕೂತೆ. ಪಕ್ಕದಲ್ಲಿ ಗೊರೇಬಾಳದ ಕುರಿ ಕಾಯುವವರ ಹೆಣ್ಣುಮಗಳು ಕೂತಿದ್ದಳು, ಮಡಿಲಲ್ಲಿ ಮಗಳು ನಿದ್ದೆ ಹೋಗಿದ್ದಳು.

"ಏನು ಕೆಲಸ ಬಂದೀಯವ್ವಾ?"

"ನಮ್ಮ ಊರಾಗ ಹುಡುಗ್ಯಾರಿಗೆ ಸಾಲಿ ತೆಗೀರಿ ಅಂತ ಕೇಳಾಕ. ಇದು ಎರಡನೇ ಸರತಿ."

"ಮೊದಲು ಬಂದಾಗ ಅಕ್ಕೋರು ಏನಂದ್ರು?"

"ಏನೂ ಅನ್ನಲಿಲ್ಲ ಬಿಡ್ರಿ. ಆದ್ರ ನಡುವ ಬಾಯಿ ಹಾಕಲಿಲ್ಲ. ನಮ್ಮಂಥವ್ರ ಮಾತು ತುದಿ ಮುಟ್ಟೂತನಕ ಕೇಳಿದವ್ರು ಅವ್ರೊಬ್ರೇ."

ಮಳೆ ಜೋರಾಯಿತು. ಪಡದಾ ಅಲ್ಲಾಡಿ ಸಂದಿಯಲ್ಲಿ ಕುರ್ಚಿ ಕಂಡಿತು. ಮಬ್ಬಿನಲ್ಲಿ ಕರಿಯದೊಂದು ಆಕಾರ ನೆಟ್ಟಗೆ ಕೂತಿತ್ತು. ಅದರ ಮೈ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು, ನಿದ್ದೆಯಲ್ಲಿ ಉಸಿರಾಡುವವರಂತೆ. ಮೇಲೆ ಪಂಖಾ ಬೀಸುತ್ತಿತ್ತು. ಮುದುಕನ ಕಡೆ ನೋಡಿದೆ. ಹಗ್ಗ ಅವನ ಪಕ್ಕದಲ್ಲಿ ನೆಲಕ್ಕೆ ಬಿದ್ದಿತ್ತು, ಅವನು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಆಕಿ ಕೂಸು ಮಲಗ್ಯದ. ಹೋಗ್ರಿ, ನಿಮ್ಮ ಸರತಿ," ಎಂದ.

ಒಳಗೆ ಹೋಗಿ ಮೇಜಿನ ಮುಂದೆ ನಿಂತೆ. ನನ್ನದೇ ಛತ್ರಿ. ಕುರ್ಚಿಯ ಬೆನ್ನಿಗೆ ಒರಗಿಸಿ ನಿಲ್ಲಿಸಿದ್ದರು, ಕಟ್ಟು ಬಿಚ್ಚಿದ ಬಟ್ಟೆ ಗಾಳಿಗೆ ಉಬ್ಬುತ್ತಿತ್ತು. ಅಷ್ಟೇ. ಅಷ್ಟೇ ಎಂದು ಗೊತ್ತಾದ ಮೇಲೆ ಕೆಳಗೆ ನೋಡಿಕೊಂಡರೆ ನನ್ನ ಎರಡೂ ಕೈ ಮುಗಿದಿದ್ದವು.

ಛತ್ರಿ ತೆಗೆದುಕೊಂಡು ತಿರುಗಿದೆ. ಬಾಗಿಲಲ್ಲಿ ಆ ಗೊರೇಬಾಳದವಳು ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಬರಿಯ ಕುರ್ಚಿ ನೋಡಿದಳು, ನನ್ನ ಕೈಯೊಳಗಿನದನ್ನು ನೋಡಿದಳು.

"ಅಕ್ಕೋರು ಹೊಂಟ್ರೇನ್ರಿ? ನಮ್ಮ ಮಾತು ಇನ್ನಾ ಆಗಿಲ್ಲಲ್ರೀ," ಎಂದಳು. ನನಗಲ್ಲ, ಛತ್ರಿಗೆ.

ಛತ್ರಿ ಒಯ್ದರೆ ಕುರ್ಚಿ ಖಾಲಿ. ಬಿಟ್ಟು ಹೋದರೆ ಅದು ಇಲ್ಲಿ ನೌಕರಿ ಮಾಡುತ್ತದೆ, ನಾನು ಅಲ್ಲಿ ಮಳೆಯಲ್ಲಿ ತೋಯಿಸಿಕೊಂಡು ಮೂಲೆಯಲ್ಲಿ ಕೂಡಬೇಕು. ಸಾಲಿ ಬಿಟ್ಟರೆ ನನ್ನಲ್ಲಿ ಏನು ಉಳಿಯುತ್ತದೆ ಎಂದು ಬೇಸಿಗೆಯೆಲ್ಲ ಅಂಜಿದ್ದೆ. ನನ್ನಿಂದ ಒಂದು ಛತ್ರಿಯಷ್ಟೇ ಉಳಿದಾಗಲೂ ಜನ ಸರತಿ ಹಚ್ಚಿ ಕೂತಿದ್ದರು. ಅದು ಮಾಡುವಷ್ಟು ನನ್ನಿಂದಾಗದೇ?

ಕುರ್ಚಿಯಲ್ಲಿ ಕೂತೆ. ಅದೂ ಬೆಚ್ಚಗಿತ್ತು, ಹೊರಗೆ ಮಳೆಯಿದ್ದರೂ. ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು, "ಹೇಳವ್ವಾ," ಎಂದೆ. ನಡುವೆ ಬಾಯಿ ಹಾಕಲಿಲ್ಲ.

ಗೊರೇಬಾಳದ ಸಾಲಿ ಮುಂದಿನ ವರ್ಷ ತೆರೆಯಿತು. ಅತ್ತಿಯೂ ಬಂದಳು, ಟ್ರಂಕಿನ ಜೊತೆ ಹಲ್ಲಿಯೂ ಬಂತು. ಒಂದೇ ಒಂದು ಕೊರತೆ. ನಾನು ಕೂತ ದಿನದಿಂದ ಪಂಖಾ ತಾನಾಗಿ ಒಮ್ಮೆಯೂ ಅಲ್ಲಾಡಿಲ್ಲ. ಒಂದು ಮಧ್ಯಾಹ್ನ ಬೆವರು ತಡೆಯದೆ ಮುದುಕನನ್ನು ಕರೆದು, "ಅಲ್ಲೋ ಮುತ್ಯಾ, ಮೊದಲು ಯಾರೂ ಜಗ್ಗದನ ಬೀಸ್ತಿತ್ತು. ಈಗೇನಾತು?" ಎಂದೆ.

ಅವನು ಪೊರೆ ಬಂದ ಕಣ್ಣನ್ನು ನನ್ನ ಕಡೆ ತಿರುಗಿಸಿ, ನಾನು ಕೂತಲ್ಲಿಂದ ತುಸು ಪಕ್ಕಕ್ಕೆ ನೋಡುತ್ತ ಹೇಳಿದ.

"ಖಾಲಿ ಕುರ್ಚಿಗೆ ಗಾಳಿ ತಾನ ಬರ್ತದ್ರಿ. ಮಂದಿ ಬಂದು ಕೂತ್ರ ಜಗ್ಗಾಕ ಒಬ್ರು ಬೇಕಾಗ್ತದ. ಹಿಂದಿನ ಅಕ್ಕೋರು ಇದ್ದಾಗ ಈ ತಕರಾರ ಇರಲಿಲ್ಲ ನೋಡ್ರಿ."